ಕೃಷಿ ಹೊಂಡದಾಗ ಪಾಚಿ ಕಟ್ಟ್ಯದ, ಡ್ರಿಪ್ ಫಿಲ್ಟರ್ ದಿನಾ ಜಾಮ್, ಎಮ್ಮಿಗೋಳಿಗೆ ನೀರು ಕುಡಿಸ್ಲಿಕ್ಕೂ ಅಂಜಿಕಿ

ಕಮಲಾಪುರ ಬಾಳಿತೋಟ:
ಎಲ್ಲರಿಗೂ ನಮಸ್ಕಾರ್ರೀ. ನಮ್ಮ ಹೊಲ ಕಮಲಾಪುರ ಕಡಿ ಅದ, ಎರಡು ಎಕರೆ ಕೆಂಪು ಬಾಳಿ, ಉಳಿದದ್ದೆಲ್ಲ ತೊಗರಿ. ಸರ್ಕಾರದ ಕೃಷಿ ಭಾಗ್ಯ ಯೋಜನ್ಯಾಗ ಹೊಡಿಸಿದ ಹೊಂಡ ಅದ, 21 ಬೈ 21 ಮೀಟರ್, ಆಳ 3 ಮೀಟರ್, ಒಳಗ ಪ್ಲಾಸ್ಟಿಕ್ ಹಾಸೀವಿ. ಬ್ಯಾಸಿಗ್ಯಾಗ ಬೋರಿನ ನೀರು ಬಿಡ್ತೀವಿ, ಮಳಿ ಬಂತಂದ್ರ ಮ್ಯಾಲಿನ ಹೊಲದ ನೀರು ಹರದು ಬಂದು ಬೀಳ್ತದ. ಹ್ವಾದ ವರ್ಷ ನೀರು ಎಷ್ಟು ತಿಳಿ ಇತ್ತಂದ್ರ ತಳದಾಗಿನ ಪ್ಲಾಸ್ಟಿಕ್ ಮಡಿಕಿ ಸುದ್ದಾ ಕಾಣ್ತಿತ್ತು. ಈ ಸಲ ಎರಡು ದೊಡ್ಡ ಮಳಿ ಆದ ಮ್ಯಾಲ ಪೂರಾ ಹಸರ ಆಗ್ಯದ, ಗೋಡಿಗುಂಟ ಕೂದಲದಂಗ ಪಾಚಿ ಜೋತು ಬಿದ್ದದ, ಮೂಡಣ ಮೂಲ್ಯಾಗಂತೂ ಹಾಲಿನ ಮ್ಯಾಲೆ ಕೆನಿ ಕಟ್ಟಿದಂಗ ಹಸರ ಪದರ ಕಟ್ಟಿ ನಾರ್ಲಕತ್ತದ.

ಡ್ರಿಪ್ಪಿಗೆ ಬರೇ ಜಾಳಿಗಿ ಫಿಲ್ಟರ್ ಅದ, ಅರ್ಧಾ ತಾಸಿಗೊಮ್ಮಿ ಬಿಚ್ಚಿ ತೊಳೀಬೇಕು, ಇಲ್ಲಾಂದ್ರ ಕಡೀ ಸಾಲಿನ ಬಾಳಿಗೆ ನೀರೇ ಮುಟ್ಟಂಗಿಲ್ಲ. ಹೊಂಡದಾಗ ಕಾಟ್ಲಾ, ರೋಹು ಮೀನಿನ ಮರಿ ಬಿಟ್ಟೀನಿ, ಎರಡು ಎಮ್ಮಿ, ಏಳೆಂಟು ಕುರಿ ಇದೇ ನೀರು ಕುಡೀತಾವ. ಔಷಧಿ ಅಂಗಡ್ಯಾಗ ಕೇಳಿದ್ರ 5 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್) ಕಲಸಿ ಹೊಯ್ರಿ, ಎರಡು ದಿನದಾಗ ಸಾಫ್ ಆಗ್ತದ ಅಂದ್ರು. ಈಗ ನೀರು ಸುಮಾರು 2 ಮೀಟರ್ ಅದ. ಹಾಕ್ಲೋ ಬ್ಯಾಡೋ, ತಿಳದವರು ಹೇಳ್ರಿ.

ಜೇವರ್ಗಿ ತೊಗರಿ:
ಅಣ್ಣಾರ, ಕೈ ಮುಗೀತೀನಿ, 5 ಕೆಜಿ ಹಾಕಬ್ಯಾಡ್ರಿ. ನಾನು ಮೂರು ವರ್ಷದ ಹಿಂದ ಇಂಥಾದ್ದೇ ಮಾತು ಕೇಳಿ ಒಂದೇ ಸಲಕ್ಕ ಹೊಯ್ದೆ. ಪಾಚಿ ಸತ್ತದ್ದು ಖರೆ, ಸತ್ತು ತಳಕ್ಕ ಕುಂತು ಕೊಳೀಲಿಕ್ಕೆ ಹತ್ತಿತು, ಮೂರನೇ ದಿನ ಮುಂಜಾನಿ ಐದಕ್ಕ ಹೋಗಿ ನೋಡಿದ್ರ ಮೀನು ಎಲ್ಲಾ ಮ್ಯಾಲೆ ಬಂದು ಬಾಯಿ ತೆರೀಲಕತ್ತಿದ್ವು, ಬಿಸಲು ಏರೂದ್ರಾಗ ಅರ್ಧಕ್ಕಿಂತ ಹೆಚ್ಚು ಬಿಳಿ ಹೊಟ್ಟಿ ಮ್ಯಾಲೆ ಮಾಡಿ ತೇಲಿದ್ವು. ಕೊಳಿಯೂ ಪಾಚಿ ನೀರಾಗಿನ ಆಕ್ಸಿಜನ್ ತಿಂದು ಬಿಡ್ತದ್ರಿ, ಅದೂ ರಾತ್ರಿ ಕಳದು ಬೆಳಗಾಗೂ ಹೊತ್ತಿಗೆ ಆಕ್ಸಿಜನ್ ಭಾಳ ಕಡಿಮಿ ಇರ್ತದ.

ಲೆಕ್ಕ ಹೇಳ್ತೀನಿ ನೋಡ್ರಿ. ಗೋಡಿ ಇಳಿಜಾರು 1ಕ್ಕ 1 ಇದ್ರ ನಿಮ್ಮ ಹೊಂಡದ ತಳ 15 ಮೀಟರ್ ಉಳೀತದ, 2 ಮೀಟರ್ ನೀರಂದ್ರ ಸುಮಾರು 5 ಲಕ್ಷ 80 ಸಾವಿರ ಲೀಟರ್. ಸಾವಿರ ಲೀಟರಿಗೆ 1 ಗ್ರಾಂ ಹಾಕಿದ್ರ 1 ಪಿಪಿಎಂ, ಅಂದ್ರ ಇಡೀ ಹೊಂಡಕ್ಕ 580 ಗ್ರಾಂ. 5 ಕೆಜಿ ಅಂದ್ರ ಎಂಟೂವರಿ ಪಿಪಿಎಂ ದಾಟ್ತದ! ಮೀನಿನ ಹೊಂಡಕ್ಕ ಎಷ್ಟೇ ಆದ್ರೂ 2 ಪಿಪಿಎಂ ಒಳಗ ಇರಬೇಕು, ಅದೂ ನೀರಿನ ಕ್ಷಾರ ಅಳಸಿ ನೋಡಿ. ಕ್ಷಾರ 100 ಪಿಪಿಎಂ ಬಂದ್ರ ಮೈಲುತುತ್ತ 1 ಪಿಪಿಎಂ ಅಂತ ಲೆಕ್ಕ, ಕ್ಷಾರ 50ರ ಕೆಳಗ ಬಂದ್ರ ಮೀನಿದ್ದಲ್ಲಿ ಮೈಲುತುತ್ತ ಮುಟ್ಟಲೇ ಬಾರದು. ಹಾಕೂದೇ ಆದ್ರ ಅರ್ಧಾ ಹೊಂಡಕ್ಕ ಈಗ, ಉಳಿದರ್ಧಕ್ಕ ಹತ್ತು ಹನ್ನೆರಡು ದಿನ ಬಿಟ್ಟು, ಮೋಡ ಮುಚ್ಚಿದ ದಿನ ಬ್ಯಾಡ. ಮತ್ತ ಕುರಿ ಅವ ಅಂದ್ರಿ, ಕುರಿಗೆ ತಾಮ್ರ ಭಾಳ ಲಗೂನ ವಿಷ ಆಗ್ತದ, ಅದೊಂದು ನೆನಪಿಡ್ರಿ.

ಭಾಲ್ಕಿ ಹೈನಾ:
ಮೊದಲ ಎಮ್ಮಿ, ಕುರಿ ಆ ಮೂಲಿ ಕಡಿ ಹೋಗದಂಗ ಮುಳ್ಳು ಬಡೀರಿ ಅಣ್ಣಾ, ಪಾಚಿ ಮಾತು ಆಮ್ಯಾಲೆ. ಒಂದು ಉದ್ದನ ಕಟಿಗಿ ತೊಗೊಂಡು ಆ ಕೆನಿಯೊಳಗ ಅದ್ದಿ ಮ್ಯಾಲೆತ್ತಿ ನೋಡ್ರಿ. ಒದ್ದಿ ಕೂದಲದಂಗ ಎಳಿ ಎಳಿ ಜೋತು ಬಿದ್ರ ಅದು ನೂಲು ಪಾಚಿ, ಫಿಲ್ಟರಿಗೆ ತ್ರಾಸು ಕೊಡ್ತದ, ಆದ್ರ ಅಷ್ಟು ಅಂಜಬೇಕಾದ್ದಿಲ್ಲ. ಎಳಿ ಬರದೇ ಕಟಿಗಿಗೆ ಹಸರ ಪೇಂಟ್ ಬಳದಂಗ ಹತ್ತಿದ್ರ ಮಾತ್ರ ಅದು ನೀಲಿ ಹಸರ ಪಾಚಿ ಇರಬಹುದು, ಅದ್ರಾಗ ಕೆಲವು ಜಾತಿ ವಿಷ ಬಿಡ್ತಾವ, ದನದ ಲಿವರ್ ಹಾಳಾಗ್ತದ, ನಾಯಿ ಕುಡದ್ರೂ ಸಾಯ್ತದ. ಕುದಿಸಿದ್ರೂ ಆ ವಿಷ ಹೋಗಂಗಿಲ್ಲ. ಇಂಥಾದ್ದಕ್ಕ ಮೈಲುತುತ್ತ ಹಾಕಿದ್ರ ಇನ್ನೂ ಕೇಡು, ಪಾಚಿ ಒಡದು ಒಳಗಿದ್ದ ವಿಷ ಎಲ್ಲಾ ಒಂದೇ ಸಲಕ್ಕ ನೀರಿಗೆ ಬರ್ತದ, ನೀರು ತಿಳಿ ಕಾಣಸ್ತದಂತ ನಾವು ದನ ಬಿಡ್ತೀವಿ.

ದನಕ್ಕ ಸದ್ಯ ಬೋರಿನ ನೀರು ಬಾನಿಗೆ ಬಿಟ್ಟು ಕುಡಸ್ರಿ. ಯಾವ ಎಮ್ಮಿ ಆದ್ರೂ ಮೇವು ಬಿಟ್ಟು, ನಡುಗಿ, ಹೊಟ್ಟಿ ಹರೀಲಿಕ್ಕೆ ಹತ್ತಿತಂದ್ರ ತಡಾ ಮಾಡದೆ ಡಾಕ್ಟರಿಗೆ ಕರೀರಿ, ಹೊಂಡದ ನೀರು ಹಿಂಗದ ಅಂತ ತಪ್ಪದೆ ಹೇಳ್ರಿ. ನಮ್ಮ ಕಡಿ ಆದ್ರ ಬೀದರ್ ನಂದಿನಗರದ ಪಶುವೈದ್ಯಕೀಯ ಕಾಲೇಜಿಗೆ ಹೋಗ್ತೀವಿ.

ಸುರಪುರ ಕಾಲುವಿ ನೀರು:
ಮೇಲಿನ ಇಬ್ಬರೂ ಬರೋಬ್ಬರಿ ಹೇಳ್ಯಾರ. ನಾ ಒಂದೇ ಮಾತು ಕೇಳ್ತೀನಿ, ನಿಮ್ಮ ತಿಪ್ಪಿ ಎಲ್ಲದ? ಹೊಂಡಕ್ಕ ನೀರು ಬರೂ ಬದಿಗೆ ಏನೇನದ? ಪಾಚಿಗೆ ಯಾರೋ ಊಟಾ ಹಾಕ್ಲಕತ್ತಾರಂದ್ರ ಅದು ಬೆಳದೇ ಬೆಳೀತದ. ಸೆಗಣಿ, ಡಿಎಪಿ, ಯೂರಿಯಾ, ಇವು ಹರದು ಬಂದು ಬಿದ್ರ ಅದ್ರಾಗಿನ ರಂಜಕ, ಸಾರಜನಕ ಪಾಚಿಗೆ ಹಬ್ಬದ ಊಟ. ನಾವು ಭತ್ತದ ಗದ್ದಿಯಿಂದ ಬಸಿದು ಬರೂ ನೀರು ಹೊಂಡಕ್ಕ ತಿರಿವಿದ್ವಿ, ಗೊಬ್ಬರ ಹಾಕಿದ ಹತ್ತು ದಿನಕ್ಕ ಹಸರ, ಪ್ರತಿ ಸಲ ಹಂಗೇ. ಆ ಬಾಯಿ ಮುಚ್ಚಿದ ಮ್ಯಾಲೇ ಕಡಿಮಿ ಆತು, ಅದೂ ಒಂದೇ ವರ್ಷದಾಗ ಅಲ್ಲ, ತಳದ ರಾಡಿ ತಗದ ಮ್ಯಾಲೆ.

ಈಗ ಇದ್ದದ್ದು ತಗೀಲಿಕ್ಕೆ ಹಳೀ ನೈಲಾನ್ ಸೀರಿ ಎರಡು ಜೋಡಿಸಿ ಹೊಲೀರಿ, ಕೆಳಗಿನ ಅಂಚಿಗೆ ಸಣ್ಣ ಕಲ್ಲು ಕಟ್ರಿ, ಮ್ಯಾಲಿನ ಅಂಚಿಗೆ ಖಾಲಿ ಬಾಟ್ಲಿ. ಇಬ್ರು ಎರಡೂ ದಂಡಿ ಮ್ಯಾಲೆ ನಿಂತು ಗಾಳಿ ಬೀಸೂ ದಿಕ್ಕಿಗೇ ನಿಧಾನ ಎಳೀರಿ, ನೂಲು ಪಾಚಿ ಎಲ್ಲಾ ಮೂಲಿಗೆ ಬಂದು ಕೂಡ್ತದ, ಕುಂಟಿಲೆ ಮ್ಯಾಲೆ ಎಳಕೋರಿ. ಪೇಂಟ್ ಥರದ್ದಕ್ಕ ಕೈ ಹಚ್ಚಬ್ಯಾಡ್ರಿ. ತಗದದ್ದು ದಂಡಿ ಮ್ಯಾಲೆ ಒಟ್ಟಬ್ಯಾಡ್ರಿ, ಮಳಿ ಬಂದ್ರ ಅದರ ರಸ ಮತ್ತ ಹೊಂಡಕ್ಕೇ ಇಳೀತದ, ಇಳಿಜಾರಿನ ಕೆಳಗ ತಗ್ಗು ತಗದು ಹಾಕ್ರಿ. ಕೆಲಸಾ ಮಾಡೂ ಮುಂದ ಗಂಟು ಹಾಕಿದ ಹಗ್ಗಾ ಒಂದು ಗಟ್ಟಿ ಗೂಟಕ್ಕ ಕಟ್ಟಿ ನೀರಾಗ ಬಿಟ್ಟಿರ್ರಿ. ಪ್ಲಾಸ್ಟಿಕ್ ಮ್ಯಾಲೆ ಪಾಚಿ ಕುಂತ್ರ ಕಾಲು ನಿಂದರಂಗಿಲ್ಲ, ಈಜು ಬರೂ ಮನಷ್ಯಾನೂ ಮ್ಯಾಲೆ ಏರಿ ಬರ್ಲಿಕ್ಕೆ ಆಗಂಗಿಲ್ಲ, ಇಂಥಾ ಹೊಂಡದಾಗ ಎಷ್ಟು ಮಕ್ಕಳು ಹೋಗ್ಯಾವ್ರಿ.

ಫಿಲ್ಟರಿಗೆ: ಸಕ್ಷನ್ ಪೈಪು ತಳದಾಗೂ ಬ್ಯಾಡ, ಮ್ಯಾಲೂ ಬ್ಯಾಡ. ಖಾಲಿ ಕ್ಯಾನಿಗೆ ಕಟ್ಟಿ ನೀರಿನ ಮ್ಯಾಲಿಂದ ಎರಡು ಫೂಟ್ ಕೆಳಗ ಜೋತು ಬಿಡ್ರಿ. ಪಾಚಿ ನೀರಿಗೆ ಬರೇ ಜಾಳಿಗಿ ಸಾಲಂಗಿಲ್ಲ, ಮೊದಲ ಉಸುಕಿನ ಫಿಲ್ಟರ್, ಆಮ್ಯಾಲೆ ಜಾಳಿಗಿ ಇಲ್ಲಾ ಡಿಸ್ಕ್ ಫಿಲ್ಟರ್. ಖರ್ಚು ಅದ, ಆದ್ರ ಬಾಳಿ ಒಣಗೂದಕ್ಕಿಂತ ಬರೋಬ್ಬರಿ. ಮೀನಿನಾಗ ಹುಲ್ಲುಗೆಂಡಿ ಎಳಿ ಪಾಚಿ ಸ್ವಲ್ಪ ತಿಂತದ, ಬೆಳ್ಳಿಗೆಂಡಿ ನೀರಾಗಿನ ಸಣ್ಣ ಪಾಚಿ ಸೋಸಿ ತಿಂತದ, ಬಿಡ್ರಿ, ಆದ್ರ ಅವೇ ಎಲ್ಲಾ ಸಾಫ್ ಮಾಡ್ತಾವ ಅಂತ ಕುಂದ್ರಬ್ಯಾಡ್ರಿ.

ಕಮಲಾಪುರ ಬಾಳಿತೋಟ:
ಮೂವರಿಗೂ ಭಾಳ ಉಪಕಾರ ಆತ್ರಿ. ಕಟಿಗಿ ಅದ್ದಿ ನೋಡ್ದೆ. ಗೋಡಿಗುಂಟ ಇದ್ದದ್ದು ಎಳಿ, ಮೂಡಣ ಮೂಲ್ಯಾಗಿಂದು ಪೇಂಟೇ, ಕಟಿಗಿ ತುದಿ ಒಣಗಿದ ಮ್ಯಾಲೆ ನೀಲಿ ಛಾಯೆ ಬಂತು. ಅವತ್ತೇ ಮುಳ್ಳು ಬಡದು ಎಮ್ಮಿ, ಕುರಿ ಎಲ್ಲಾ ಬಾನಿಗೆ ತಿರಿವಿದೆ. ಮೈಲುತುತ್ತ ಅಂಗಡಿಗೆ ವಾಪಸ್ ಕೊಟ್ಟು ಬಂದೆ.

ಸುರಪುರ ಅಣ್ಣಾರು ತಿಪ್ಪಿ ಕೇಳಿದ್ರಲ್ಲ, ಓದಿದ ಕೂಡ್ಲೇ ಎದಿ ಝಲ್ ಅಂತು. ಬಾಳಿಗೆ ಅಂತ ಬ್ಯಾಸಿಗ್ಯಾಗ ಆರು ಟ್ರ್ಯಾಲಿ ಸೆಗಣಿ ಗೊಬ್ಬರ ತರಿಸಿ ಹೊಂಡದ ಬಾಯಿ ಮ್ಯಾಲಿನ ಬದುವಿನ ಮ್ಯಾಲೇ ಒಟ್ಟಿಸಿದ್ದೆ, ಎಳಿಲಿಕ್ಕೆ ಸಮೀಪ ಆಗ್ತದಂತ. ಮಳಿ ನೀರು ಅದರ ನಡುವಿಂದನೇ ಕಾಲುವಿ ಕೊರಕೊಂಡು ಇಳದದ, ಹೊಂಡದ ಬಾಯಿಗೆ ಹೂಳು ಹಿಡೀಲಿಕ್ಕೆ ತೋಡಿದ ಹೂಳು ತಗ್ಗು ಪೂರಾ ಕರ್ರಗಾಗಿ ತುಂಬ್ಯದ. ನಿನ್ನಿ ನಮ್ಮಪ್ಪ, ನಾನು, ಇಬ್ರು ಆಳು ಕೂಡಿ ನಾಕು ಟ್ರ್ಯಾಲಿಯಷ್ಟು ಕೆಳಗಿನ ಹೊಲಕ್ಕ ಹಾಕಿದ್ವಿ, ಉಳಿದದ್ದು ಇವತ್ತು ಮುಗೀತದ, ಆಮ್ಯಾಲೆ ಹೂಳು ತಗ್ಗು ತೋಡ್ತೀವಿ. ಪೈಪಿಗೆ 20 ಲೀಟರಿನ ಕ್ಯಾನ್ ಕಟ್ಟಿ ತೇಲಿಸೀನಿ, ಇವತ್ತು ಮುಂಜಾನಿ ಎರಡು ತಾಸು ಮೋಟರ್ ಓಡಿದ ಮ್ಯಾಲೆ ಫಿಲ್ಟರ್ ಬಿಚ್ಚಿದ್ರ ಅರ್ಧಾ ಜಾಳಿಗಿ ಇನ್ನೂ ಕಾಣ್ತಿತ್ತು. ಸೀರಿ ಹೊಲೀಲಿಕ್ಕೆ ಮನ್ಯಾಗ ಕುಂತಾರ, ನಾಳಿಗೆ ಎಳೀತೀವಿ, ಹಗ್ಗಾ ಕಟ್ಟೇ ಇಳೀತೀವ್ರಿ.