ಸಹಾಯ ಬೇಕು: 21 ತುಂಬಲಿರುವ ಮಗಳ ಎಚ್-4 ವೀಸಾ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಾನು ಬಹಳ ವರ್ಷಗಳಿಂದ ನ್ಯೂಜೆರ್ಸಿಯಲ್ಲಿ ಎಚ್-1ಬಿ (ಉದ್ಯೋಗ) ವೀಸಾದ ಮೇಲೆ ದುಡಿಯುತ್ತಿದ್ದೇನೆ. ಪ್ರತಿ ಸಂಬಳದಲ್ಲೂ ಸೋಷಿಯಲ್ ಸೆಕ್ಯುರಿಟಿಗೆ ಶೇ 6.2, ಮೆಡಿಕೇರ್‌ಗೆ ಶೇ 1.45 ಕಡಿತವಾಗುತ್ತದೆ, ಆದರೆ ಗ್ರೀನ್ ಕಾರ್ಡ್‌ಗೆ ಒಂದು ದೇಶಕ್ಕೆ ಶೇ 7ರ ಮಿತಿ ಇರುವುದರಿಂದ, ನನ್ನ ಪರವಾಗಿ ಕಂಪನಿ ಸಲ್ಲಿಸಿದ ಐ-140 ಅರ್ಜಿ ಮಂಜೂರಾಗಿದ್ದರೂ ನಮ್ಮ ಸರದಿ ಇನ್ನೂ ಬಂದಿಲ್ಲ. ಒಂದನೇ ತರಗತಿಯಿಂದ ಇಲ್ಲೇ ಓದಿದ ಮಗಳಿಗೆ ಬರುವ ಮಾರ್ಚ್‌ನಲ್ಲಿ 21 ತುಂಬುತ್ತದೆ; ಆಗ ಎಚ್-1ಬಿ ನೌಕರರ ಕುಟುಂಬಕ್ಕೆ ಕೊಡುವ ಎಚ್-4 ವೀಸಾ ಅವಳಿಗೆ ಇರುವುದಿಲ್ಲ. ಇಲ್ಲಿ ಬೆಳೆದ ಮಗುವನ್ನು ಹೀಗೆ ಹೊರಗಿನವಳಾಗಿಸುವುದು ಅನ್ಯಾಯವೆಂದೇ ನನ್ನ ಭಾವನೆ.

ಕಂಪನಿಯ ವಕೀಲರು ಮಕ್ಕಳ ವಿಷಯ ತಮಗೆ ಸಂಬಂಧಿಸಿದ್ದಲ್ಲ ಎಂದರು; ಕಾಲೇಜಿನವರು ಎಫ್-1 (ವಿದ್ಯಾರ್ಥಿ) ವೀಸಾಗೆ ಬೇಕಾದ ಐ-20 ಪತ್ರ ಕೊಡಲು ಒಪ್ಪಿದ್ದಾರೆ. ಗ್ರೀನ್ ಕಾರ್ಡ್‌ಗೆ ಮಕ್ಕಳ ವಯಸ್ಸು ಲೆಕ್ಕ ಹಾಕುವ ಸಿಎಸ್‌ಪಿಎ ಕಾಯ್ದೆಯಡಿ ಐ-140 ಬಾಕಿಯಿದ್ದ ದಿನಗಳನ್ನು ವಯಸ್ಸಿನಿಂದ ಕಳೆಯುತ್ತಾರಲ್ಲ, ಆ ರಿಯಾಯಿತಿ ಎಚ್-4ಗೂ ಅನ್ವಯಿಸುತ್ತದೆಯೇ, ಇಲ್ಲವೇ ಹುಟ್ಟುಹಬ್ಬಕ್ಕೆ ಮೊದಲೇ ಎಫ್-1ಗೆ ಅರ್ಜಿ ಹಾಕಲೇಬೇಕೇ? ಈ ಹಂತ ದಾಟಿದವರು ದಯವಿಟ್ಟು ತಿಳಿಸಿ.