ಹಳೆಯ ಹಿಟಾಚಿ: ಬೆಳಿಗ್ಗೆ ಮಾತ್ರ ಕಮ್ಯುನಿಕೇಷನ್ ಎರರ್, ಎಂಜಿನ್ ಐಡಲ್‌ಗೆ ಇಳಿಯುತ್ತದೆ

ಕಾಫಿಕಣ (ಸೋಮವಾರಪೇಟೆ)

ಎಲ್ಲರಿಗೂ ನಮಸ್ಕಾರ. ನಾಲ್ಕು ತಿಂಗಳ ಹಿಂದೆ ಇಪ್ಪತ್ತು ಟನ್‌ನ ಹಳೆಯ ಹಿಟಾಚಿ, ಅಂದರೆ ಮಣ್ಣು ಅಗೆಯುವ ಯಂತ್ರ, ಕೊಂಡೆ. (ನಮ್ಮ ಕಡೆ ಯಾವ ಕಂಪನಿಯದಾದರೂ ಹಿಟಾಚಿಯೇ. ಇದು ಬೇರೆ ಕಂಪನಿಯದು, ಹೆಸರು ಬೇಡ.) ತೋಟದ ಕೆರೆ ಹೂಳೆತ್ತುವುದು, ಬರೆ (ಗುಡ್ಡದ ಇಳಿಜಾರು) ಕಡಿದು ರಸ್ತೆ ಮಾಡುವುದು ಇದರ ಕೆಲಸ.

ಬೆಳಿಗ್ಗೆ ಮಂಜಿರುವಾಗ ಶುರು ಮಾಡಿದರೆ ಹತ್ತು ನಿಮಿಷ ಸರಿ ಇರುತ್ತದೆ. ಬಕೆಟ್ ತುಂಬಿಸಿ ತಿರುಗಿಸುವಾಗ ಮಾನಿಟರ್‌ನಲ್ಲಿ ಕಮ್ಯುನಿಕೇಷನ್ ಎರರ್ ಬಂದು, ಎಂಜಿನ್ ತಾನಾಗಿಯೇ ಐಡಲ್‌ಗೆ ಇಳಿಯುತ್ತದೆ. ಎಂಜಿನ್ ವೇಗದ ಡಯಲ್ ತಿರುಗಿಸಿದರೂ ಏರುವುದಿಲ್ಲ. ಕೀ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಸರಿ. ಬಿಸಿಲೇರಿದ ಮೇಲೆ ಸಂಜೆಯವರೆಗೂ ತೊಂದರೆಯಿಲ್ಲ. ನೋಡಿದ ಮೆಕ್ಯಾನಿಕ್ ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೋಗಿದೆ, ಬದಲಿಸಿ ಎಂದರು. ಅವರು ಹೇಳಿದ ದುಡ್ಡಿನಲ್ಲಿ ಒಂದು ಹಳೆಯ ಪಿಕಪ್ ಬರುತ್ತದೆ. ಸೆಂಟರ್ ಜಾಯಿಂಟ್‌ನಲ್ಲಿ (ಮೇಲಿನ ತಿರುಗುವ ಭಾಗ ಕೆಳಭಾಗಕ್ಕೆ ಕೂಡುವ ಜಾಗ) ವೈರ್ ತಿರುಚಿಕೊಂಡಿರಬಹುದು ಎಂದು ಆಪರೇಟರ್ ಹೇಳುತ್ತಾನೆ. ಯಾರ ಮಾತು ನಂಬಲಿ?

ಹಳೆಸ್ಪ್ಯಾನರ್ (ಕುಶಾಲನಗರ)

ಸದ್ಯಕ್ಕೆ ಇಬ್ಬರ ಮಾತೂ ಬೇಡ. ಇಸಿಎಂ ಕೆಟ್ಟಿದ್ದರೆ ಬಿಸಿಲು ಬಂದಾಗ ಹುಷಾರಾಗಿ, ಮಂಜು ಬಿದ್ದಾಗ ಕಾಯಿಲೆ ಬೀಳುವುದು ಅಪರೂಪ. ಸೆಂಟರ್ ಜಾಯಿಂಟ್ ಮೂಲಕ ಕೆಳಗೆ ಹೋಗುವುದು ಎಣ್ಣೆ. ಕಂಟ್ರೋಲರ್‌ಗಳೆಲ್ಲ ಮೇಲಿನ ತಿರುಗುವ ಭಾಗದಲ್ಲಿಯೇ ಇವೆ, ಅವುಗಳ ತಂತಿಯೂ ಅಲ್ಲೇ. ತಿರುಗಿಸುವಾಗ ದೋಷ ಬರುತ್ತದೆ ಎಂದರೆ ಕುಲುಕಾಟಕ್ಕೆ ಎಲ್ಲೋ ಸಂಪರ್ಕ ತಪ್ಪುತ್ತಿದೆ ಎಂದರ್ಥ.

ಕೋಡ್ ಏನು ತೋರಿಸುತ್ತಿದೆ? ಬ್ಯಾಟರಿ ವೋಲ್ಟೇಜ್ ಎಷ್ಟು?

ಕಾಫಿಕಣ

ಎಸ್‌ಪಿಎನ್ 639, ಎಫ್‌ಎಂಐ 9. ಬ್ಯಾಟರಿ ನಿಂತಾಗ 25.1, ಎಂಜಿನ್ ಓಡುವಾಗ 27.9 ವೋಲ್ಟ್.

ಹಳೆಸ್ಪ್ಯಾನರ್

ಬ್ಯಾಟರಿ, ಆಲ್ಟರ್ನೇಟರ್ ಪಾಸು. 639 ಎಂದರೆ ಜೆ1939 ಜಾಲ, ಅಂದರೆ ಕಂಟ್ರೋಲರ್‌ಗಳು ಒಂದಕ್ಕೊಂದು ಮಾತಾಡುವ ಕ್ಯಾನ್ ತಂತಿ. 9 ಎಂದರೆ ಸಂದೇಶ ಬರಬೇಕಾದ ಹೊತ್ತಿಗೆ ಬರುತ್ತಿಲ್ಲ. ನಿಮ್ಮ ಡಯಲ್ ಎಂಜಿನ್‌ಗೆ ನೇರವಾಗಿ ಹೇಳುವುದಿಲ್ಲ. ಕ್ಯಾಬಿನ್‌ನ ಕಂಟ್ರೋಲರ್‌ಗೆ ಹೇಳುತ್ತದೆ, ಅದು ಕ್ಯಾನ್ ತಂತಿಯಲ್ಲಿ ಇಸಿಎಂಗೆ ದಾಟಿಸುತ್ತದೆ. ಮಾತು ತಲುಪದಿದ್ದರೆ ಇಸಿಎಂ ಐಡಲ್‌ಗೆ ಇಳಿದು ಸುಮ್ಮನಾಗುತ್ತದೆ. ಅದು ಮಾಡಬೇಕಾದ್ದನ್ನೇ ಮಾಡುತ್ತಿದೆ, ಪಾಪ.

ಈಗ ಮಲ್ಟಿಮೀಟರ್ ತೆಗೆದುಕೊಳ್ಳಿ. ಕೀ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಕಳಚಿ, ಐದು ನಿಮಿಷ ಬಿಡಿ. ಸೀಟಿನ ಹಿಂದೆ ಒಂಬತ್ತು ಪಿನ್‌ನ ದುಂಡನೆಯ ಡಯಾಗ್ನೊಸ್ಟಿಕ್ ಕನೆಕ್ಟರ್ ಇದ್ದರೆ ಅದರ ಸಿ ಮತ್ತು ಡಿ ಪಿನ್‌ಗಳ ನಡುವೆ ಓಮ್ ಅಳೆಯಿರಿ. ಸಿ ಕ್ಯಾನ್ ಹೈ, ಡಿ ಕ್ಯಾನ್ ಲೋ. ಜಾಲದ ಎರಡು ತುದಿಯಲ್ಲೂ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುತ್ತದೆ, ಎರಡೂ ಸೇರಿ 60 ತೋರಿಸಬೇಕು. 120 ಬಂದರೆ ಒಂದು ತುದಿ ಕಳಚಿದೆ. 40 ಬಂದರೆ ಯಾರೋ ಮೂರನೆಯದನ್ನು ಸೇರಿಸಿದ್ದಾರೆ. ಸೊನ್ನೆಯ ಹತ್ತಿರ ಇದ್ದರೆ ಎರಡೂ ತಂತಿ ಅಂಟಿಕೊಂಡಿವೆ.

ಕಾಫಿಕಣ

ಮಧ್ಯಾಹ್ನ ಅಳೆದೆ. 60.8. ಹಾಗಾದರೆ ತಂತಿ ಸರಿ ಇದೆಯಲ್ಲ?

ವಿರಾಜಪೇಟೆ ವೈರಿಂಗ್

ನಡುವೆ ಬಾಯಿ ಹಾಕುತ್ತೇನೆ. ಮಧ್ಯಾಹ್ನ ಯಂತ್ರವೂ ಸರಿ ಇರುತ್ತದೆ, ಮೀಟರೂ ಸರಿ ಹೇಳುತ್ತದೆ. ಜ್ವರ ಬಿಟ್ಟ ಮೇಲೆ ಥರ್ಮಾಮೀಟರ್ ಇಟ್ಟಂತಾಯಿತು. ಬೆಳಿಗ್ಗೆ ದೋಷ ಬಂದ ಕೂಡಲೇ ಆಫ್ ಮಾಡಿ ಅಳೆಯಿರಿ. ಒಬ್ಬರು ಮೀಟರ್ ನೋಡುತ್ತಿರಲಿ, ಇನ್ನೊಬ್ಬರು ಕ್ಯಾಬಿನ್‌ನಿಂದ ಎಂಜಿನ್‌ವರೆಗೆ ಹಾರ್ನೆಸ್ಸನ್ನು (ತಂತಿಗಳ ಕಟ್ಟು) ಗೇಣುಗೇಣಾಗಿ ಅಲ್ಲಾಡಿಸಿಕೊಂಡು ಹೋಗಲಿ.

ಇಲಿ ಕಡಿದಿದೆಯೋ ನೋಡಿ. ಮಳೆಗಾಲದಲ್ಲಿ ಗೋದಾಮಿನ ಪಕ್ಕ ನಿಲ್ಲಿಸಿದ ಯಂತ್ರ ಇಲಿಗಳಿಗೆ ಲೈನ್ ಮನೆ ಇದ್ದ ಹಾಗೆ.

ಕಾಫಿಕಣ

ಇವತ್ತು ಬೆಳಿಗ್ಗೆ ಏಳಕ್ಕೆ ಸಿಕ್ಕಿತು. ದೋಷ ಬಂದಾಗ 121. ಸೀಟಿನ ಹಿಂದೆ ತಂತಿ ನೆಲದೊಳಗೆ ಇಳಿಯುವಲ್ಲಿ ಅಲ್ಲಾಡಿಸಿದರೆ 60, ಬಿಟ್ಟರೆ 121. ಇಲಿಯ ಗುರುತಿಲ್ಲ.

ಹಳೆಸ್ಪ್ಯಾನರ್

ಜಾಗ ಸಿಕ್ಕಿತು. ಆದರೂ ಕತ್ತರಿ ಹಾಕುವ ಮೊದಲು ಒಂದು ಪರೀಕ್ಷೆ. 121 ಇರುವಾಗಲೇ ಎಂಜಿನ್ ಕಡೆಯ ರೆಸಿಸ್ಟರ್ ಕಳಚಿ. ಮೀಟರ್ ಬದಲಾಗದಿದ್ದರೆ ಕನೆಕ್ಟರ್‌ಗೂ ಎಂಜಿನ್‌ಗೂ ನಡುವೆ ತಂತಿ ತುಂಡಾಗಿದೆ.

ಕಾಫಿಕಣ

ಕಳಚಿದೆ, 121 ಅಲ್ಲಾಡಲಿಲ್ಲ. ಸೀಟು ಬಿಚ್ಚಿ ಮ್ಯಾಟ್ ಎತ್ತಿದೆ. ಹಾರ್ನೆಸ್‌ನ ಪ್ಲಾಸ್ಟಿಕ್ ಕೊಳವೆಯನ್ನು ಯಾರೋ ಉದ್ದಕ್ಕೆ ಸೀಳಿ ಕಪ್ಪು ಟೇಪ್ ಸುತ್ತಿದ್ದಾರೆ. ಟೇಪ್ ಬಿಡಿಸಿದರೆ ಒಳಗೆ ಹಳದಿ, ಹಸಿರು ಎರಡೂ ತಂತಿಯನ್ನು ಕತ್ತರಿಸಿ, ಕೈಯಲ್ಲೇ ಹೊಸೆದು ಕೂಡಿಸಿದ್ದಾರೆ. ಹಳದಿ ತಂತಿಯ ತಾಮ್ರವೆಲ್ಲ ಹಸಿರು ಕಿಲುಬು, ಮುಟ್ಟಿದರೆ ಪುಡಿಪುಡಿ. ಪಕ್ಕದಲ್ಲಿ ಎಲ್ಲಿಗೂ ಹೋಗದ ಎರಡು ತುಂಡು ತಂತಿಗಳು.

ವಿರಾಜಪೇಟೆ ವೈರಿಂಗ್

ಆ ತುಂಡುಗಳು ಜಿಪಿಎಸ್ ಪೆಟ್ಟಿಗೆಯವು ಇರಬೇಕು. ಸಾಲದ ಯಂತ್ರಕ್ಕೆ ಹಾಕಿಸುತ್ತಾರೆ, ಸಾಲ ತೀರಿದ ಮೇಲೆ ಕಿತ್ತುಕೊಂಡು ಹೋಗುತ್ತಾರೆ. ನಾನು ಬಿಚ್ಚಿದ ಸೆಕೆಂಡ್ ಹ್ಯಾಂಡ್ ಯಂತ್ರಗಳಲ್ಲಿ ಇಂಥ ಗಾಯ ಬಹಳ ನೋಡಿದ್ದೇನೆ. ಕ್ಯಾಬಿನ್ ಒಳಗೆ ನೀರು ಹೊಡೆದು ತೊಳೆಯುವ ಅಭ್ಯಾಸ ಇದ್ದರೆ ಕೇಳುವುದೇ ಬೇಡ.

ದುರಸ್ತಿ ಹೀಗೆ ಮಾಡಿ. ಕಿಲುಬಿನ ಭಾಗವನ್ನು ಪೂರ್ತಿ ಕತ್ತರಿಸಿ, ಹೊಳೆಯುವ ತಾಮ್ರ ಸಿಗುವವರೆಗೆ ಹಿಂದೆ ಹೋಗಿ. ಉದ್ದ ಸಾಲದಿದ್ದರೆ ಅದೇ ದಪ್ಪದ ತಂತಿ ಸೇರಿಸಿ. ಬೆಸುಗೆ ಬೇಡ, ಕಂಪನಕ್ಕೆ ಬೆಸುಗೆಯ ಅಂಚಿನಲ್ಲೇ ಮುರಿಯುತ್ತದೆ. ಒಳ್ಳೆಯ ಕ್ರಿಂಪ್ (ಒತ್ತಿ ಕೂಡಿಸುವ ಲೋಹದ ತುಂಡು) ಹಾಕಿ, ಮೇಲೆ ಒಳಗಡೆ ಅಂಟು ಇರುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಕೊಳವೆ ಹಾಕಿ. ಎರಡೂ ಜಾಯಿಂಟ್ ಒಂದೇ ಜಾಗದಲ್ಲಿ ಬರದಿರಲಿ, ಒಂದಂಗುಲ ಹಿಂದೆಮುಂದೆ ಮಾಡಿ. ಆಮೇಲೆ ಎರಡೂ ತಂತಿಯನ್ನು ಜಡೆಯಂತೆ ಮತ್ತೆ ಹೊಸೆಯಿರಿ. ಹೊರಗಿನ ವಿದ್ಯುತ್ ಗದ್ದಲ ಎರಡಕ್ಕೂ ಸಮನಾಗಿ ತಾಗಿ ರದ್ದಾಗಲಿ ಎಂದೇ ಅದನ್ನು ಹೊಸೆದಿರುವುದು. ಆ ತುಂಡು ತಂತಿಗಳನ್ನು ಬುಡದಲ್ಲೇ ತೆಗೆಯಿರಿ. ಬರೆಗೆ ಕೂಗಿದರೆ ಮಾರ್ದನಿ ಬರುವ ಹಾಗೆ, ತೆರೆದ ತುದಿಯಿಂದ ಸಿಗ್ನಲ್ ಮರಳಿ ಬರುತ್ತದೆ.

ಹಳೆಸ್ಪ್ಯಾನರ್

ಬ್ಯಾಟರಿ ಜೋಡಿಸಿದ ಮೇಲೆ ಕೀ ಆನ್ ಮಾಡಿ, ಮೀಟರ್‌ನ ಕಪ್ಪು ಕಡ್ಡಿಯನ್ನು ಯಂತ್ರದ ಬಾಡಿಯ ಲೋಹಕ್ಕೆ ಹಿಡಿದು ಎರಡೂ ತಂತಿಯ ವೋಲ್ಟೇಜನ್ನು ಅಳೆಯಿರಿ. ಹೈ 2.5ಕ್ಕಿಂತ ತುಸು ಮೇಲೆ, ಲೋ ತುಸು ಕೆಳಗೆ. ಎರಡನ್ನೂ ಕೂಡಿದರೆ ಐದರ ಆಸುಪಾಸು ಇರಬೇಕು. ಮುಂದೆ ಬಕೆಟ್‌ಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ನೆಗೆಟಿವ್, ಇಸಿಎಂ ಕನೆಕ್ಟರ್ ಎರಡನ್ನೂ ಕಳಚಿಸಿ. ಇಲ್ಲದಿದ್ದರೆ ನಿಜವಾಗಿಯೂ ಇಸಿಎಂ ಹೋಗಬಹುದು.

ಕಾಫಿಕಣ

ಕ್ಷಮಿಸಿ, ತಡವಾಯಿತು. ಐದು ದಿನದಿಂದ ದೋಷ ಬಂದಿಲ್ಲ. 60.3 ಓಮ್, ಹೈ 2.64, ಲೋ 2.37. ಕ್ರಿಂಪ್, ಕೊಳವೆ, ಎರಡು ಮೀಟರ್ ತಂತಿ ಸೇರಿ ಮುನ್ನೂರು ರೂಪಾಯಿಯೂ ಆಗಲಿಲ್ಲ. ಇಸಿಎಂ ಆರ್ಡರ್ ರದ್ದು ಮಾಡಿಸಿದೆ, ಮೆಕ್ಯಾನಿಕ್ ಮುಖ ಗಂಟಿಕ್ಕಿಕೊಂಡಿದ್ದಾರೆ.

ಇನ್ನೊಂದು ವಿಷಯ. ಹಳೆಯ ಕೋಡ್ ಅಳಿಸಲು ಪರಿಚಯದವರು ಸ್ಕ್ಯಾನರ್ ತಂದಿದ್ದರು. ಮಾನಿಟರ್‌ನಲ್ಲಿ 6,840 ಗಂಟೆ. ಇಸಿಎಂ ಒಳಗೆ 11,215. ಇದೂ ಕ್ಯಾನ್ ದೋಷವೇ?

ಹಳೆಸ್ಪ್ಯಾನರ್

ಅಲ್ಲ. ಮಾನಿಟರ್ ಬದಲಿಸಿದ್ದಾರೆ, ಇಲ್ಲವೇ ಗಂಟೆ ತಿದ್ದಿದ್ದಾರೆ. ಇಸಿಎಂ ಮೂಲದ್ದೇ ಆಗಿದ್ದರೆ ಅದರ ಲೆಕ್ಕ ನಂಬಿ. ಹೈಡ್ರಾಲಿಕ್ ಎಣ್ಣೆ, ಫಿಲ್ಟರ್, ಸ್ವಿಂಗ್ ಗೇರ್ ಎಣ್ಣೆ ಎಲ್ಲವನ್ನೂ 11,215ರ ಲೆಕ್ಕದಲ್ಲಿ ನೋಡಿ. ಫಿಲ್ಟರ್ ಕತ್ತರಿಸಿ ಒಳಗೆ ಲೋಹದ ಚೂರು ಇದೆಯೇ ನೋಡಿ, ಫೋಟೋ ಹಾಕಿ.

ಕಾಫಿಕಣ

ಭಾನುವಾರ ಕತ್ತರಿಸುತ್ತೇನೆ. ಮಾರಿದವರಿಗೆ ನಾಲ್ಕು ಸಲ ಫೋನ್ ಮಾಡಿದೆ, ಅಲ್ಲೂ ಕಮ್ಯುನಿಕೇಷನ್ ಎರರ್.