ಸಹಾಯ ಬೇಕು: ಬಿಲ್ಡ್ ಆದ ಟೆಸರಾಕ್ಟ್ ಲೈಬ್ರರಿ ಹುಡುಕಿಕೊಳ್ಳುತ್ತಿಲ್ಲ

ನಮಸ್ಕಾರ. ನಾನು ಶಿರಸಿಯವಳು. ಅಜ್ಜನ ಹಳೇ ಯಕ್ಷಗಾನ ಪ್ರಸಂಗದ ಪುಸ್ತಕಗಳು ಗೆದ್ದಲು ಹಿಡಿಯುವ ಮೊದಲು ಸ್ಕ್ಯಾನ್ ಮಾಡಿ ಅಕ್ಷರಕ್ಕೆ ಇಳಿಸಬೇಕು. ಅದಕ್ಕೇ ಉಬುಂಟು ಲ್ಯಾಪ್‌ಟಾಪಲ್ಲಿ ಟೆಸರಾಕ್ಟ್ 5 (ಚಿತ್ರದಲ್ಲಿನ ಅಕ್ಷರ ಗುರುತಿಸುವ ಸಾಫ್ಟ್‌ವೇರ್) ಅನ್ನು ಸೋರ್ಸ್‌ನಿಂದಲೇ ಬಿಲ್ಡ್ ಮಾಡಿದೆ.

ಅದಕ್ಕೆ ಬೇಕಾದ ಚಿತ್ರ ಸಂಸ್ಕರಣೆಯ ಲೈಬ್ರರಿ ಲೆಪ್ಟೋನಿಕಾ ಮೊದಲೇ ಹಾಕಿದ್ದೆ. ಕಾನ್ಫಿಗರ್ ಮಾಡುವಾಗ ಪ್ರಿಫಿಕ್ಸ್ (ಇನ್‌ಸ್ಟಾಲ್ ಆಗುವ ಜಾಗ) ಆಗಿ ನನ್ನ ಹೋಮ್ ಫೋಲ್ಡರ್ ಕೊಟ್ಟೆ. ಬಿಲ್ಡ್ ಮಾಡುವ ಮೇಕ್ ಕಮಾಂಡ್ ಓಡುವಾಗ ಮಳೆಗೆ ಎರಡು ಸಲ ಕರೆಂಟ್ ಹೋಯ್ತು. ಮತ್ತೆ ಮೇಕ್ ಕೊಟ್ಟರೆ ನಿಂತಲ್ಲಿಂದ ಮುಂದುವರಿಯಿತು, ಪುಣ್ಯ! ಮೇಕ್ ಇನ್‌ಸ್ಟಾಲ್ ಕೂಡ ತಕರಾರಿಲ್ಲದೆ ಮುಗಿಯಿತು.

ಆದರೆ ಓಡಿಸಿದರೆ 'ಲಿಬ್‌ಟೆಸರಾಕ್ಟ್ ಫೈಲ್ ತೆರೆಯಲು ಆಗುತ್ತಿಲ್ಲ' ಎಂಬ ಅರ್ಥದ ಎರರ್. ಫೈಲ್ ಹೋಮ್‌ನ ಲಿಬ್ ಫೋಲ್ಡರಲ್ಲೇ ಇದೆ, ಕಣ್ಣಾರೆ ನೋಡಿದ್ದೇನೆ. ಸಿಸ್ಟಮ್‌ನ ಲೈಬ್ರರಿ ಪಟ್ಟಿಯನ್ನು ಹೊಸದು ಮಾಡುವ ಎಲ್‌ಡಿಕಾನ್ಫಿಗ್ ಕಮಾಂಡನ್ನು ಸುಡೋ ಹಾಕಿ ಕೊಟ್ಟೆ, ಪ್ರಯೋಜನ ಇಲ್ಲ. ಎಲ್‌ಡಿ ಲೈಬ್ರರಿ ಪಾತ್‌ಗೆ (ಲೈಬ್ರರಿ ಎಲ್ಲಿ ಹುಡುಕಬೇಕೆಂದು ಹೇಳುವ ವೇರಿಯಬಲ್) ಆ ಫೋಲ್ಡರ್ ಎಕ್ಸ್‌ಪೋರ್ಟ್ ಮಾಡಿದರೆ ಚೆನ್ನಾಗಿ ಓಡುತ್ತದೆ, ಕನ್ನಡದ ಒತ್ತಕ್ಷರ ಕೂಡ ಜಾಸ್ತಿ ತಪ್ಪಿಲ್ಲದೆ ಬರುತ್ತದೆ. ಟರ್ಮಿನಲ್ ಮುಚ್ಚಿದರೆ ಮತ್ತೆ ಅದೇ ಎರರ್.

ಎಲ್‌ಡಿಕಾನ್ಫಿಗ್ ನನ್ನ ಹೋಮ್ ಫೋಲ್ಡರ್ ನೋಡುವುದೇ ಇಲ್ವಾ? ಆ ಎಕ್ಸ್‌ಪೋರ್ಟ್ ಸಾಲನ್ನು ಬ್ಯಾಶ್‌ಆರ್‌ಸಿಗೆ (ಟರ್ಮಿನಲ್ ತೆರೆದಾಗಲೆಲ್ಲ ಓಡುವ ಫೈಲ್) ಸೇರಿಸಿದರೆ ಸಾಕಾ, ಅಥವಾ ಆರ್‌ಪಾತ್ (ಪ್ರೋಗ್ರಾಮ್ ಒಳಗೇ ಬರೆದಿಡುವ ಲೈಬ್ರರಿ ಜಾಗ) ಕೊಟ್ಟು ಮತ್ತೆ ಬಿಲ್ಡ್ ಮಾಡಬೇಕಾ? ಮಾಡಬೇಕಿದ್ದರೆ ಕಾನ್ಫಿಗರ್ ಸಾಲಲ್ಲಿ ಏನು ಸೇರಿಸಬೇಕು?